ಮುಟ್ಟು ನಿಲ್ಲುವ ಮುಂಚಿನ ತೊಂದರೆಗಳಿಗೆ ಆನ್‌ಲೈನ್ ವೈದ್ಯರು ಸಾಕೇ?

ಪ್ರಶ್ನೆ: ನನಗೆ 46 ವರ್ಷ. ಎಂಟು ತಿಂಗಳಿಂದ ಮುಟ್ಟಿನ ಲೆಕ್ಕ ತಪ್ಪಿದೆ. ಒಮ್ಮೆ 22 ದಿನಕ್ಕೇ ಬರುತ್ತದೆ, ಇನ್ನೊಮ್ಮೆ 50 ದಿನ ಕಳೆದರೂ ಸುಳಿವಿಲ್ಲ. ನಡುರಾತ್ರಿ ಮೈಯೆಲ್ಲ ಬೆವೆತು ಎಚ್ಚರವಾಗುತ್ತದೆ, ಆಮೇಲೆ ನಿದ್ದೆ ಹತ್ತುವುದಿಲ್ಲ. ಸಣ್ಣ ಮಾತಿಗೂ ಸಿಡುಕುತ್ತೇನೆ. ಇದನ್ನೆಲ್ಲ ಎದುರು ಕೂತು ಹೇಳಿಕೊಳ್ಳಲು ಸಂಕೋಚ. ವಿಡಿಯೊ ಕರೆಯಲ್ಲಿ ವೈದ್ಯರನ್ನು ಕಂಡರೆ ಸಾಕೇ? ಮೊದಲೇ ಹಾರ್ಮೋನ್ ಪರೀಕ್ಷೆ ಮಾಡಿಸಿಟ್ಟುಕೊಳ್ಳಬೇಕೇ?

ಉತ್ತರ: ಶುರು ಮಾಡಲು ಧಾರಾಳವಾಗಿ ಸಾಕು. ನೀವು ಹೇಳುತ್ತಿರುವುದು ಪೆರಿಮೆನೊಪಾಸ್‌ನ, ಅಂದರೆ ಮುಟ್ಟು ಪೂರ್ತಿ ನಿಲ್ಲುವ ಮುಂಚಿನ ವರ್ಷಗಳ ಲಕ್ಷಣಗಳನ್ನೇ ಹೋಲುತ್ತದೆ. ಇದನ್ನು ಗುರುತಿಸಲು ವೈದ್ಯರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವುದು ನಿಮ್ಮ ಮಾತು. ಮಾತಿಗೆ ವಿಡಿಯೊ ಕರೆ ಸಾಲುತ್ತದೆ.

ಹಾರ್ಮೋನ್ ಪರೀಕ್ಷೆಗೆ ಈಗಲೇ ಓಡಬೇಡಿ. 45 ದಾಟಿದವರಲ್ಲಿ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ. ಅಂಡಾಶಯದ ಕೆಲಸ ಒಂದೇ ಸಮನೆ ಕುಗ್ಗುತ್ತ ಹೋಗುವುದಿಲ್ಲ. ಅಲ್ಲಿ ತಯಾರಾಗುವ ಈಸ್ಟ್ರೋಜನ್ ಎಂಬ ಹಾರ್ಮೋನ್ ಒಂದು ತಿಂಗಳು ಏರಿದರೆ ಮುಂದಿನ ತಿಂಗಳು ಇಳಿದಿರುತ್ತದೆ. ಒಂದು ಬೆಳಗ್ಗೆ ತೆಗೆದ ರಕ್ತ ಆ ಬೆಳಗಿನ ಕಥೆಯನ್ನಷ್ಟೇ ಹೇಳುತ್ತದೆ. ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದು ಬಂದದ್ದಕ್ಕೆ, ಇದೆಲ್ಲ ನನ್ನ ಮನಸ್ಸಿನ ಭ್ರಮೆ ಎಂದುಕೊಂಡು ವರ್ಷಗಟ್ಟಲೆ ಒಳಗೇ ಕೊರಗಿದವರನ್ನು ಕಂಡಿದ್ದೇನೆ; ಅದು ನನಗೆ ತುಂಬ ಸಂಕಟ ಕೊಡುವ ಸಂಗತಿ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿಸುವುದು ಒಳ್ಳೆಯದು, ಏಕೆಂದರೆ ಥೈರಾಯ್ಡ್ ಏರುಪೇರಾದರೂ ರಕ್ತ ಕಡಿಮೆಯಾದರೂ ಹೀಗೆಯೇ ಸುಸ್ತು, ಸಿಡುಕು ಬರಬಹುದು. 40ಕ್ಕೂ ಮೊದಲೇ ಮುಟ್ಟು ತಪ್ಪತೊಡಗಿದವರ ಮಾತು ಬೇರೆ, ಅವರಿಗೆ ಹಾರ್ಮೋನ್ ಪರೀಕ್ಷೆಯೂ ಬೇಕು.

ಕರೆಗೆ ಮುಂಚೆ ಒಂದು ಲೆಕ್ಕ ಬರೆದಿಡಿ. ಒಮ್ಮೆ ಒಬ್ಬರು ಗೋಡೆಯ ಕ್ಯಾಲೆಂಡರನ್ನೇ ಬಿಚ್ಚಿ ತಂದು ಕ್ಯಾಮೆರಾ ಮುಂದೆ ಹಿಡಿದರು. ರಕ್ತ ಹೋದ ದಿನಕ್ಕೆ ಕೆಂಪು ಚುಕ್ಕೆ, ಬೆವೆತು ಎದ್ದ ರಾತ್ರಿಗೆ ನೀಲಿ ಗೆರೆ. ಬಾಯಲ್ಲಿ ಅವರು ‘ಈ ಸಲ ಸ್ವಲ್ಪ ಜಾಸ್ತಿ ಹೋಯ್ತು’ ಎಂದಷ್ಟೇ ಹೇಳಿದ್ದರು. ಕ್ಯಾಲೆಂಡರಿನಲ್ಲಿ ಸಾಲಾಗಿ ಹನ್ನೊಂದು ಕೆಂಪು ಚುಕ್ಕೆಗಳಿದ್ದವು. ಅಂದೇ ಸ್ಕ್ಯಾನಿಂಗ್‌ಗೆ ಕಳಿಸಿದೆ.

ಆನ್‌ಲೈನ್‌ನ ಮಿತಿಯೂ ಅಲ್ಲೇ ಇದೆ. ಗಂಟೆಗೊಂದು ಪ್ಯಾಡ್ ಬದಲಿಸುವಂತಾದರೆ, ರಕ್ತ ಗಡ್ಡೆಗಡ್ಡೆಯಾಗಿ ಹೋದರೆ, ಏಳು ದಿನ ದಾಟಿದರೂ ನಿಲ್ಲದಿದ್ದರೆ, ಎರಡು ಮುಟ್ಟಿನ ನಡುವೆ ಅಥವಾ ಸಂಭೋಗದ ನಂತರ ಕಾಣಿಸಿಕೊಂಡರೆ, ಸಂಕೋಚ ಬದಿಗಿಟ್ಟು ಎದುರಿಗೇ ಹೋಗಿ ತೋರಿಸಿ. 12 ತಿಂಗಳು ಮುಟ್ಟಿಲ್ಲದೆ ಕಳೆದ ಮೇಲೆ ಒಂದು ಹನಿ ಕಂಡರೂ ಹಾಗೆಯೇ. ಗರ್ಭಕೋಶದ ಒಳಪದರ ದಪ್ಪವಾಗಿದೆಯೇ ಎಂಬುದು ಪರದೆಯ ಮೇಲೆ ಕಾಣುವುದಿಲ್ಲ. ಎದೆಯಲ್ಲಿ ಗಂಟು ಸಿಕ್ಕಿದರೂ ಕೈಯಿಂದಲೇ ಪರೀಕ್ಷಿಸಬೇಕು.

ಇನ್ನು ಬಿ.ಪಿ. ಮನೆಯಲ್ಲಿ ಯಂತ್ರವಿದ್ದರೆ ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಮೇಜಿನ ಮೇಲಿಟ್ಟು, ಕೆಲವು ದಿನ ಬೆಳಗ್ಗೆ ಸಂಜೆ ನೋಡಿ ಬರೆದುಕೊಳ್ಳಿ. ಹಾರ್ಮೋನ್ ಚಿಕಿತ್ಸೆಯ ಮಾತು ಬಂದರೆ ಆ ಅಂಕಿ ಬೇಕಾಗುತ್ತದೆ. ಸ್ತನ ಕ್ಯಾನ್ಸರ್, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ಹೃದಯಾಘಾತ, ಯಕೃತ್ತಿನ ಕಾಯಿಲೆ ಇವುಗಳಲ್ಲಿ ಯಾವುದಾದರೂ ಆಗಿತ್ತೇ ಎಂದು ವೈದ್ಯರು ಕೇಳಲೇಬೇಕು. ಗರ್ಭಕೋಶ ಇದೆಯೇ, ತೆಗೆಸಿದ್ದೀರಾ ಎಂದೂ ಕೇಳಬೇಕು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಒಳಪದರ ಬೆಳೆದು ಕ್ಯಾನ್ಸರ್‌ನ ಅಪಾಯ ಹೆಚ್ಚುತ್ತದೆ, ಜೊತೆಗೆ ಒಳಪದರವನ್ನು ಕಾಯುವ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಇರಲೇಬೇಕು. ಇದೊಂದನ್ನೂ ಕೇಳದೆ ಐದೇ ನಿಮಿಷದಲ್ಲಿ ಹಾರ್ಮೋನ್ ಬರೆದುಕೊಟ್ಟರೆ ಆ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗಬೇಡಿ, ಬೇರೆ ವೈದ್ಯರನ್ನು ಹುಡುಕಿ. ಸರಿಯಾಗಿ ವಿಚಾರಿಸಿ ಕೊಟ್ಟ ಹಾರ್ಮೋನ್ ಚಿಕಿತ್ಸೆಗೆ ಮಾತ್ರ ಹೆದರಬೇಡಿ. ರಾತ್ರಿ ಬೆವರಿಗೆ ಅದರಷ್ಟು ಚೆನ್ನಾಗಿ ಕೆಲಸ ಮಾಡುವುದು ಬೇರೊಂದಿಲ್ಲ. ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಪ್ಯಾಚ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಹಾರ್ಮೋನ್ ಒಗ್ಗದವರಿಗೆ ಬೇರೆ ಔಷಧಿಗಳೂ ಇವೆ. ಯಾವುದನ್ನು ಶುರು ಮಾಡಿದರೂ ಸುಮಾರು ಮೂರು ತಿಂಗಳಿಗೆ ಅದೇ ವೈದ್ಯರನ್ನು ಮತ್ತೆ ಮಾತನಾಡಿಸಿ.

ಸಂಕೋಚದ ಬಗ್ಗೆ ಒಂದು ಮಾತು. ಯೋನಿ ಒಣಗಿ ಉರಿಯುವುದು, ಸಂಭೋಗದಲ್ಲಿ ನೋವು ಇಂಥದ್ದನ್ನು ಹೇಳಲು ಬಾಯಿ ಬರದಿದ್ದರೆ ಕರೆಗೆ ಮುಂಚೆಯೇ ಬರೆದು ಕಳಿಸಿ. ಬಾಗಿಲು ಹಾಕಿಕೊಂಡು, ಇಯರ್‌ಫೋನ್ ಹಾಕಿ ಕೂರಿ.

ಪ್ರಶ್ನೆ: ನನಗೆ 48. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಇನ್ನು ಗರ್ಭನಿರೋಧಕ ಬಿಡಬಹುದೇ?

ಉತ್ತರ: ಬೇಡ. ಅಂಡ ಇನ್ನೂ ಆಗೊಮ್ಮೆ ಈಗೊಮ್ಮೆ ಬಿಡುಗಡೆಯಾಗುತ್ತಿರುತ್ತದೆ. 50ರೊಳಗೆ ಮುಟ್ಟು ನಿಂತವರು ಕೊನೆಯ ಮುಟ್ಟಿನಿಂದ ಎರಡು ವರ್ಷ, 50 ದಾಟಿದವರು ಒಂದು ವರ್ಷ ಗರ್ಭನಿರೋಧಕ ಮುಂದುವರಿಸಬೇಕು. ಬೆವರಿಗೆಂದು ಕೊಡುವ ಹಾರ್ಮೋನ್ ಗರ್ಭ ತಡೆಯುವುದಿಲ್ಲ, ಅದನ್ನೇ ನಂಬಿಕೊಳ್ಳಬೇಡಿ. ವೈದ್ಯರ ಸಮಯ ಗೊತ್ತುಮಾಡಿಕೊಳ್ಳುವ ಮುಂಚೆ ಮನೆಯಲ್ಲೇ ಮೂತ್ರದಿಂದ ಗರ್ಭ ಪರೀಕ್ಷೆ ಮಾಡಿಕೊಳ್ಳಿ. ಅವರು ಮೊದಲು ಕೇಳುವುದು ಅದನ್ನೇ.