ಅಂಗಳದ ಹುಲ್ಲಿಗೆ ತುಂತುರು ನೀರು: ಅಳತೆ ಮೊದಲು, ಅಗೆತ ಆಮೇಲೆ

ಪ್ರಶ್ನೆ: ನಮ್ಮ ಮನೆಯ ಮುಂದೆ 30 ಅಡಿ ಅಗಲ, 45 ಅಡಿ ಉದ್ದದ ಹುಲ್ಲುಹಾಸಿದೆ. ತಾರಸಿಯ ಟ್ಯಾಂಕಿನಿಂದ ಪೈಪು ಎಳೆಸಿ ಆರು ಪಾಪ್‌ಅಪ್ (ನೀರು ಬಿಟ್ಟಾಗ ನೆಲದಿಂದ ಮೇಲೇಳುವ) ಸ್ಪ್ರಿಂಕ್ಲರ್ ಹಾಕಿಸಿದೆವು. ಕೆಲವು ಮೇಲೇಳುವುದೇ ಇಲ್ಲ, ಎದ್ದವು ನಾಲ್ಕಡಿ ಆಚೆಗೆ ನೀರು ಚಿಮ್ಮುವುದಿಲ್ಲ. ಸ್ಪ್ರಿಂಕ್ಲರನ್ನೇ ಬದಲಿಸಬೇಕೆಂದು ಹಾಕಿದವರು ಹೇಳುತ್ತಾರೆ. ಏನು ಮಾಡುವುದು?
– ಓದುಗರೊಬ್ಬರು, ತುಮಕೂರು

ಉತ್ತರ: ದಯವಿಟ್ಟು ಅವಸರಪಟ್ಟು ಬದಲಿಸಬೇಡಿ. ನೀರು 10 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಸಿಗುವ ಒತ್ತಡ ಸುಮಾರು 1 ಬಾರ್, ಅಂದರೆ ಕೆಲಸಗಾರರು ಹೇಳುವ ಒಂದು ಕೆ.ಜಿ. ಪ್ರೆಷರ್. ಎರಡಂತಸ್ತಿನ ಮನೆಯ ಟ್ಯಾಂಕು ಸಾಮಾನ್ಯವಾಗಿ ಅಷ್ಟು ಎತ್ತರದಲ್ಲೂ ಇರುವುದಿಲ್ಲ. ಉದ್ದದ ಪೈಪನ್ನೂ ಅದರ ತಿರುವುಗಳನ್ನೂ ದಾಟಿ ಅಂಗಳಕ್ಕೆ ಬರುವಷ್ಟರಲ್ಲಿ ಇದ್ದದ್ದರಲ್ಲೂ ಒಂದಿಷ್ಟು ಕಳೆದಿರುತ್ತದೆ. ಪಾಪ್‌ಅಪ್ ಒಳಗಿನ ಸ್ಪ್ರಿಂಗನ್ನು ಒತ್ತಿ ಮೇಲೆದ್ದು ನೀರನ್ನು 15 ಅಡಿ ದೂರಕ್ಕೆ ಬೀಸಬೇಕಾದರೆ ಅದರ ಬುಡದಲ್ಲಿ ಸುಮಾರು 2 ಬಾರ್ ಒತ್ತಡ ಇರಬೇಕು. ಆದ್ದರಿಂದ ಸಂಪಿನಿಂದ ನೀರೆತ್ತುವ ಪಂಪು ನಿಮಗೆ ಬೇಕೇ ಬೇಕು. ನಗರದ ಕೊಳಾಯಿ ಲೈನಿಗೆ ನೇರವಾಗಿ ಮೋಟಾರು ಜೋಡಿಸುವ ಯೋಚನೆ ಮಾತ್ರ ಬೇಡ. ಅದು ನೆರೆಮನೆಯವರ ನೀರನ್ನು ಕಸಿದುಕೊಳ್ಳುವ ಕೆಲಸ.

ಯೋಜನೆ ಆರಂಭವಾಗಬೇಕಾದದ್ದು ಅಂಗಳದ ಅಳತೆಯಿಂದಲ್ಲ, ನೀರಿನ ಅಳತೆಯಿಂದ. ಪಂಪಿನಿಂದ ಹೊರಬರುವ ಪೈಪಿಗೆ ಪ್ರೆಷರ್ ಗೇಜನ್ನೂ ಅದರ ಮುಂದೆ ಒಂದು ಬಾಲ್ ವಾಲ್ವನ್ನೂ ಹಾಕಿಸಿ. ಗೇಜಿನ ಮುಳ್ಳು ಎರಡೂವರೆ ಬಾರ್‌ಗೆ ಬಂದು ನಿಲ್ಲುವವರೆಗೆ ವಾಲ್ವನ್ನು ನಿಧಾನವಾಗಿ ತಿರುಗಿಸಿ, ಆಗ ಬರುವ ನೀರಿಗೆ 10 ಲೀಟರಿನ ಬಕೆಟ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆಂದು ನೋಡಿ. 17 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ ಸುಮಾರು 35 ಲೀಟರ್ ಎಂದಾಯಿತು. ವಾಲ್ವನ್ನು ಪೂರ್ತಿ ತೆರೆದು ಅಳೆದ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಆಗ ನೀರು ಧಾರಾಳವಾಗಿದ್ದರೂ ಒತ್ತಡ ಇರುವುದಿಲ್ಲ.

ಇನ್ನು ಸ್ಪ್ರಿಂಕ್ಲರುಗಳ ಸಂಖ್ಯೆ. ಒಂದರ ನೀರು ಪಕ್ಕದ್ದರ ಬುಡದವರೆಗೂ ಮುಟ್ಟಬೇಕು. ಹಾಗೆ ಒಂದರ ಮೇಲೊಂದು ಬೀಳದಿದ್ದರೆ ನಡುನಡುವೆ ಹುಲ್ಲು ವೃತ್ತವೃತ್ತವಾಗಿ ಒಣಗುತ್ತದೆ. ನಿಮ್ಮ ಅಂಗಳದಲ್ಲಿ 15 ಅಡಿಗೊಂದರಂತೆ ಕೂರಿಸಿದರೆ ಹನ್ನೆರಡು ಬೇಕಾಗುತ್ತವೆ: ಮೂಲೆಗೆ ಕಾಲು ಸುತ್ತಿನ ನಾಲ್ಕು, ಅಂಚಿಗೆ ಅರ್ಧ ಸುತ್ತಿನ ಆರು, ನಡುವೆ ಪೂರ್ತಿ ಸುತ್ತಿನ ಎರಡು. ಸಾಮಾನ್ಯ ನಾಝಲ್ಲುಗಳಲ್ಲಿ (ನೀರು ಚಿಮ್ಮುವ ತುದಿಗಳು) ಇವು ನಿಮಿಷಕ್ಕೆ ಕ್ರಮವಾಗಿ ಸುಮಾರು 3.5, 7 ಮತ್ತು 14 ಲೀಟರ್ ಕುಡಿಯುವುದರಿಂದ ಒಟ್ಟು 84 ಲೀಟರ್ ಆಗುತ್ತದೆ. ನಿಮ್ಮ ಪಂಪು 35 ಲೀಟರ್ ಕೊಡುವುದಾದರೆ ಎಲ್ಲವನ್ನೂ ಒಟ್ಟಿಗೆ ನಡೆಸಲಾಗದು. ಮೂಲೆಯ ನಾಲ್ಕರೊಡನೆ ಅಂಚಿನ ಎರಡು, ಅಂಚಿನ ಉಳಿದ ನಾಲ್ಕು, ನಡುವಿನ ಎರಡು ಎಂದು ಮೂರು ಪಾಲು ಮಾಡಿ, ಒಂದೊಂದಕ್ಕೂ ಬೇರೆ ವಾಲ್ವ್ ಇಟ್ಟರೆ ಪ್ರತಿ ಪಾಲಿಗೂ 28 ಲೀಟರ್ ಸಾಕು. ಈಗಿರುವ ಆರು ಸ್ಪ್ರಿಂಕ್ಲರುಗಳನ್ನೂ ಇದರಲ್ಲೇ ಬಳಸಿಕೊಳ್ಳಬಹುದು, ನಾಝಲ್ ಬದಲಿಸಿದರಾಯಿತು.

ಮುಖ್ಯ ಪೈಪು ಒಂದಿಂಚಿನದು ಇರಲಿ. ಹುಲ್ಲನ್ನು ಬೇರಿನ ಮಣ್ಣಿನ ಸಮೇತ ಚಪ್ಪಡಿಯಂತೆ ಎತ್ತಿ ನೆರಳಿನಲ್ಲಿಟ್ಟು, ಮುಕ್ಕಾಲು ಅಡಿಯಿಂದ ಒಂದಡಿ ಆಳಕ್ಕೆ ಕಾಲುವೆ ತೋಡಿಸಿ. ನಾಝಲ್ ಹಾಕುವ ಮೊದಲು ಪೈಪಿನಲ್ಲಿ ನೀರು ಹರಿಸಿ ಮಣ್ಣನ್ನೂ ಕೊಯ್ದ ಪಿವಿಸಿ ಪುಡಿಯನ್ನೂ ಹೊರಹಾಕಿಸುವುದನ್ನು ಎದುರಿಗೆ ನಿಂತೇ ಮಾಡಿಸಿ. ಅವಸರದಲ್ಲಿ ಬಿಟ್ಟುಹೋಗುವ ಕೆಲಸವಿದು, ಆಮೇಲಿನ ಅರ್ಧ ತೊಂದರೆಗಳಿಗೆ ಇದೇ ಮೂಲ.

ಪ್ರಶ್ನೆ: ದಿನಕ್ಕೆ ಎಷ್ಟು ಹೊತ್ತು ನೀರು ಬಿಡಬೇಕು? ಯಾವ ನೀರು ಬಳಸಬಹುದು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಒಂದು ಚದರ ಮೀಟರ್ ಮೇಲೆ ಬಿದ್ದ 1 ಲೀಟರ್ ನೀರು 1 ಮಿ.ಮೀ. ಮಳೆಗೆ ಸಮ. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ ಸುಮಾರು 5 ಮಿ.ಮೀ. ಎಂದಿಟ್ಟುಕೊಂಡು, ದಿನ ಬಿಟ್ಟು ದಿನ 10 ಮಿ.ಮೀ. ಕೊಟ್ಟರೆ ಬೇರು ಆಳಕ್ಕಿಳಿಯುತ್ತದೆ. ಎಷ್ಟು ಬೀಳುತ್ತಿದೆ ಎಂದು ತಿಳಿಯಲು ನೇರ ಗೋಡೆಯ ಎಂಟು ಲೋಟಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟು, ಪ್ರತಿ ಪಾಲನ್ನೂ ಹದಿನೈದು ನಿಮಿಷ ನಡೆಸಿ, ಸ್ಕೇಲಿನಿಂದ ಅಳೆಯಿರಿ. ಒಂದು ಲೋಟದಲ್ಲಿ 12 ಮಿ.ಮೀ., ಇನ್ನೊಂದರಲ್ಲಿ 4 ಇದ್ದರೆ ಸಮಯ ಹೆಚ್ಚಿಸುವುದು ಪರಿಹಾರವಲ್ಲ. ನಾಝಲ್ ಕಟ್ಟಿದೆಯೇ, ಸ್ಪ್ರಿಂಕ್ಲರ್ ವಾಲಿದೆಯೇ ಎಂದು ನೋಡಬೇಕು. ಇಳಿಜಾರಿನಲ್ಲಿ ನೀರು ಹರಿದುಹೋಗುವಂತಿದ್ದರೆ ಅರ್ಧ ಗಂಟೆ ಬಿಟ್ಟು ಎರಡು ಕಂತಿನಲ್ಲಿ ಕೊಡಿ. ಬೆಳಗಿನ ಐದರಿಂದ ಏಳು ಒಳ್ಳೆಯ ಹೊತ್ತು. ರಾತ್ರಿಯಿಡೀ ಒದ್ದೆಯಾಗಿರುವ ಹುಲ್ಲಿಗೆ ಬೂಷ್ಟು ರೋಗ ಬೇಗ ತಗಲುತ್ತದೆ.

ನೀರಿನ ವಿಷಯದಲ್ಲಿ ನಾನು ಬಿಗಿಯಾಗಿಯೇ ಹೇಳುತ್ತೇನೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದ್ದು ನಿಮಗೆ ನೆನಪಿರಬೇಕು. ಮೇಲಿನ ಪ್ರಶ್ನೆಯ ಅಂಗಳದಂಥ, ಅಂದರೆ ಸುಮಾರು 125 ಚದರ ಮೀಟರಿನ ಹುಲ್ಲಿಗೆ ಒಂದು ಸಲಕ್ಕೆ 10 ಮಿ.ಮೀ. ಎಂದರೆ 1,250 ಲೀಟರ್. ಸಂಗ್ರಹಿಸಿದ ಮಳೆನೀರು ಅಷ್ಟಕ್ಕೆ ಸಾಲದಿದ್ದರೆ ಹುಲ್ಲುಹಾಸನ್ನೇ ಚಿಕ್ಕದು ಮಾಡಿ, ಉಳಿದ ಜಾಗದಲ್ಲಿ ಗಿಡ ನೆಟ್ಟು ಹನಿ ನೀರಾವರಿ ಹಾಕುವುದು ಮೇಲು. ಬಟ್ಟೆ, ಪಾತ್ರೆ ತೊಳೆದ ನೀರನ್ನು ಸ್ಪ್ರಿಂಕ್ಲರಿನಲ್ಲಿ ಗಾಳಿಗೆ ಹಾರಿಸಬಾರದು.

ಪ್ರಶ್ನೆ: ಬೋರ್‌ವೆಲ್ ನೀರಿನಿಂದ ನಾಝಲ್ಲಿನಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತಿದೆ. ಏನು ಮಾಡಲಿ?
– ಓದುಗರೊಬ್ಬರು, ಕೋಲಾರ

ಉತ್ತರ: ಅದು ಗಡಸು ನೀರಿನ ಸುಣ್ಣ. ನಾಝಲ್ ಬಿಚ್ಚಿ ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಪಿನ್ನು, ಸೂಜಿ ತೂರಿಸಬೇಡಿ. ರಂಧ್ರ ಒಮ್ಮೆ ಹಿಗ್ಗಿದರೆ ಆ ನಾಝಲ್ಲಿನ ಲೆಕ್ಕ ಮತ್ತೆ ಸರಿಹೋಗುವುದಿಲ್ಲ.