ವಿದೇಶದಲ್ಲಿ ಎಂಎಸ್: ಹೋಗುವವರು ಜಾಸ್ತಿಯಾದರಾ, ಕಡಿಮೆಯಾದರಾ?

ಪ್ರಶ್ನೆ: ಮಗಳು ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿಇ ಮುಗಿಸಿದ್ದಾಳೆ. ಎಂಎಸ್ ಮಾಡಲು ಅಮೆರಿಕಕ್ಕೆ ಹೋಗುತ್ತೇನೆ ಅನ್ನುತ್ತಾಳೆ. ಅಲ್ಲಿ ಭಾರತದ ವಿದ್ಯಾರ್ಥಿಗಳು ದಾಖಲೆ ಸಂಖ್ಯೆಯಲ್ಲಿದ್ದಾರೆ ಅಂತ ಒಂದು ಪೇಪರಿನಲ್ಲಿದೆ. ಹೋಗುವವರೇ ಕಡಿಮೆಯಾಗಿದ್ದಾರೆ ಅಂತ ಇನ್ನೊಂದರಲ್ಲಿದೆ. ಅಡಿಕೆ ತೋಟ ಅಡ ಇಟ್ಟು ಸಾಲ ತೆಗೆಯಬೇಕು. ಯಾವುದನ್ನು ನಂಬೋಣ?
– ಓದುಗರೊಬ್ಬರು, ಶಿರಸಿ

ಉತ್ತರ: ಎರಡೂ ಸುದ್ದಿ ನಿಜವೇ. ಎಣಿಸಿದ್ದು ಮಾತ್ರ ಬೇರೆ ಬೇರೆ.

ಅಮೆರಿಕದಲ್ಲಿರುವ ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಕೊಡುವ 'ಓಪನ್ ಡೋರ್ಸ್' ವರದಿ ಪ್ರತಿ ವರ್ಷ ನವೆಂಬರ್‌ನಲ್ಲಿ ಬರುತ್ತದೆ. ಅದರಲ್ಲಿರುವುದು ಹಿಂದಿನ ಶೈಕ್ಷಣಿಕ ವರ್ಷದ ಲೆಕ್ಕ. 2024-25ರಲ್ಲಿ ಅಲ್ಲಿದ್ದ ಭಾರತದ ವಿದ್ಯಾರ್ಥಿಗಳು 3,63,019. ಅದರ ಹಿಂದಿನ ವರ್ಷಕ್ಕಿಂತ ಸುಮಾರು ಶೇ 10ರಷ್ಟು ಜಾಸ್ತಿ. ಅದೇ ವರದಿಯನ್ನು ಇನ್ನೊಂದಿಷ್ಟು ಬಿಡಿಸಿ ನೋಡಿ. ಎಂಎಸ್, ಪಿಎಚ್‌ಡಿ ಓದುವವರು 1,96,567ರಿಂದ 1,77,892ಕ್ಕೆ ಇಳಿದಿದ್ದಾರೆ. ಹಾಗಾದರೆ ಒಟ್ಟು ಏರಿದ್ದು ಹೇಗೆ? ಓದು ಮುಗಿಸಿ ಓಪಿಟಿ (ವಿದ್ಯಾರ್ಥಿ ವೀಸಾದಲ್ಲೇ ಸ್ವಲ್ಪ ಕಾಲ ಕೆಲಸ ಮಾಡಲು ಸಿಗುವ ಅನುಮತಿ) ಮೇಲೆ ಕೆಲಸ ಮಾಡುತ್ತಿರುವವರನ್ನೂ ವಿದ್ಯಾರ್ಥಿಗಳೆಂದೇ ಎಣಿಸುತ್ತಾರೆ. ಅಂಥವರು 1,43,740 ಜನ!

ಮಂಡಿಯಲ್ಲಿ ದಾಸ್ತಾನು ಜಾಸ್ತಿ ಇದೆ ಅಂದಮಾತ್ರಕ್ಕೆ ಈ ವರ್ಷದ ಆವಕ ಜಾಸ್ತಿ ಅಂತಲ್ಲವಲ್ಲ, ಇದೂ ಹಾಗೆಯೇ. ನೀವು ನೋಡಬೇಕಾದದ್ದು ಆವಕ. 2025ರ ಶರತ್ಕಾಲದ ಸಮೀಕ್ಷೆಯ ಪ್ರಕಾರ ಎಲ್ಲ ದೇಶಗಳಿಂದ ಹೊಸದಾಗಿ ಸೇರಿದವರು ಶೇ 17ರಷ್ಟು ಕಡಿಮೆಯಾಗಿದ್ದರು. ಒಟ್ಟು ಸಂಖ್ಯೆ ಮಾತ್ರ ಕುಸಿದಿದ್ದು ಬರೀ ಶೇ 1.

ಕನ್ಸಲ್ಟೆನ್ಸಿಯವರು ತೋರಿಸುವ 'ಆಸಕ್ತಿ ಏರಿದೆ' ಅನ್ನುವ ಗ್ರಾಫ್‌ಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಸುಮ್ನೆ ಇಂಟರ್ನೆಟ್‌ನಲ್ಲಿ ಹುಡುಕಿ ನೋಡುವುದಕ್ಕೆ ಖರ್ಚಿಲ್ಲ. ಒಬ್ಬಳೇ ಹುಡುಗಿ ಆರೆಂಟು ಕಡೆ ಅರ್ಜಿ ಹಾಕುತ್ತಾಳೆ, ಸೇರುವುದು ಒಂದೇ ಕಡೆ.

ಇಳಿಕೆಗೆ ಕಾರಣವನ್ನೂ ಕೇಳಬೇಕು. ಕೆನಡಾ 2024ರಲ್ಲಿ ಸ್ಟಡಿ ಪರ್ಮಿಟ್‌ಗೆ ಮಿತಿ ಹಾಕಿತು, ಅಲ್ಲಿ ಸಂಖ್ಯೆ ಬಿತ್ತು. ಆದರೆ ಸರ್ಕಾರಿ ವಿಶ್ವವಿದ್ಯಾಲಯಗಳ ಎಂಎಸ್, ಪಿಎಚ್‌ಡಿ ವಿದ್ಯಾರ್ಥಿಗಳಿಗೆ 2026ರ ಜನವರಿಯಿಂದ ಆ ಮಿತಿ ಇಲ್ಲ. ಜರ್ಮನಿಗೆ ಹೋಗುವವರು ಏರುತ್ತಿದ್ದಾರೆ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಖರ್ಚಿಗೆಂದು ವರ್ಷಕ್ಕೆ 11,904 ಯೂರೊ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ಇಡಬೇಕು, ಇಲ್ಲಿನ ಅಂಕಪಟ್ಟಿ, ಪದವಿ ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್ ಬೇಕು. ಮಗಳ ಜೊತೆ ಕೂತು ಇದನ್ನೂ ಒಮ್ಮೆ ನೋಡಿ.

ಮತ್ತೆ ಅಮೆರಿಕದ ಮಾತಿಗೆ ಬಂದರೆ, ಅರ್ಜಿ ಕಡಿಮೆಯಾದರೆ ಸೀಟು ಸುಲಭವಾಗಿ ಸಿಗಬಹುದು, ನಿಜ. ಹಾಗಂತ ವೀಸಾ, ಕೆಲಸ ಸುಲಭವಾಗುವುದಿಲ್ಲ. ಓಪಿಟಿ 12 ತಿಂಗಳು, ಕಂಪ್ಯೂಟರ್ ಸೈನ್ಸ್‌ನಂಥ ವಿಷಯಕ್ಕೆ ಇನ್ನೂ 24. ನಂತರ ಎಚ್-1ಬಿ ಅನ್ನುವ ಕೆಲಸದ ವೀಸಾ ಬೇಕು, ಅದರ ನಿಯಮ ಬಿಗಿಯಾಗುತ್ತಿದೆ.

ಹಾಗಾಗಿ ಮಗಳು ಆರಿಸಿದ ವಿಭಾಗಕ್ಕೇ ಒಂದು ಮೇಲ್ ಹಾಕಲಿ: ಹಿಂದಿನ ಎರಡು ಬ್ಯಾಚಿನಲ್ಲಿ ಎಷ್ಟು ಜನ ಹೊರದೇಶದವರು ಸೇರಿದರು, ಅವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು? ಉತ್ತರ ಕೊಡದ ಕಡೆ ನಾನಾದರೆ ತೋಟ ಅಡ ಇಡುವುದಿಲ್ಲ. ಬ್ಯಾಂಕಿನಲ್ಲಿ ಇನ್ನೊಂದು ವಿಷಯ ಬರೆಸಿಕೊಳ್ಳಿ. ಕಂತು ಓದು ಮುಗಿದ ಮೇಲೆ ಶುರುವಾದರೂ ಬಡ್ಡಿ ಸಾಮಾನ್ಯವಾಗಿ ಹಣ ಕೊಟ್ಟ ದಿನದಿಂದಲೇ ಓಡುತ್ತದೆ. ಆ ಕಂತನ್ನು ಡಾಲರ್ ಸಂಬಳದ ಮೇಲೆ ಲೆಕ್ಕ ಹಾಕಬೇಡಿ. ಮಗಳು ವಾಪಸ್ ಬಂದು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದರೆ ಬರುವ ಸಂಬಳದ ಮೇಲೆ ಹಾಕಿ ನೋಡಿ.