ಮದುವೆ ವಿಡಿಯೊ ಎಡಿಟಿಂಗ್‌ಗೂ ಗೇಮಿಂಗ್‌ಗೂ ಒಂದೇ ಪಿಸಿ: ಈ ಕೊಟೇಶನ್‌ನಲ್ಲಿ ಐ5 ಬದಲು ಐ7 ಹಾಕಿಸಲೇ?

ಬೇಡ. ಬರೀ ಐ5 ತೆಗೆದು ಐ7 ಹಾಕಿಸಿದ ಮಾತ್ರಕ್ಕೆ ಎಡಿಟಿಂಗ್ ತಡವರಿಸುವ ತೊಂದರೆ ಹೋಗಲ್ಲ, ಯಾಕಂದರೆ ಅದರ ಮೂಲ ಇರೋದು ಬೇರೆ ಕಡೆ.

ಹುಬ್ಬಳ್ಳಿಯ ಅಂಗಡಿಯವರು ನಿಮಗೆ ಬರೆದುಕೊಟ್ಟದ್ದು ಇಷ್ಟು: ಕೋರ್ ಐ5-12400ಎಫ್, ಎಚ್610 ಬೋರ್ಡ್, 16 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, ಆರ್‌ಟಿಎಕ್ಸ್ 4060 8 ಜಿಬಿ ಗ್ರಾಫಿಕ್ಸ್ ಕಾರ್ಡ್, 512 ಜಿಬಿ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್ ಡಿಸ್ಕ್, ಕ್ಯಾಬಿನೆಟ್ ಜೊತೆಗೇ ಬರುವ 450 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), 600 ವಿಎ ಯುಪಿಎಸ್. ನಿಮ್ಮ ಕೆಲಸ: ಎರಡು ಕ್ಯಾಮೆರಾದ 4ಕೆ, 10 ಬಿಟ್, 4:2:2 (4:2:0ಕ್ಕಿಂತ ಬಣ್ಣದ ವಿವರ ಹೆಚ್ಚಿರುವ ಬಗೆ) ಎಚ್‌ಇವಿಸಿ (ವಿಡಿಯೊವನ್ನು ಕುಗ್ಗಿಸಿಡುವ ಒಂದು ವಿಧಾನ) ಫುಟೇಜ್, ಅಡೋಬಿಯ ಪ್ರೀಮಿಯರ್ ಸಾಫ್ಟ್‌ವೇರ್‌ನಲ್ಲಿ ಎಡಿಟಿಂಗ್. ರಾತ್ರಿ 1440ಪಿ ಮಾನಿಟರ್‌ನಲ್ಲಿ ಗೇಮ್.

ಟೈಮ್‌ಲೈನ್ ಸರಾಗವಾಗಿ ಓಡಬೇಕಾದರೆ 4:2:2 ಫುಟೇಜನ್ನು ಬಿಡಿಸಲು ಹಾರ್ಡ್‌ವೇರ್ ಡಿಕೋಡರ್ ಬೇಕು. ಇಂಟೆಲ್‌ನಲ್ಲಿ ಅದು ಇರೋದು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿ, ಕ್ವಿಕ್ ಸಿಂಕ್ ಅಂತ. ಹೆಸರಿನ ಕೊನೆಗೆ ‘ಎಫ್’ ಇದ್ದರೆ ಆ ಗ್ರಾಫಿಕ್ಸೇ ಇಲ್ಲ ಅಂತ ಅರ್ಥ. ಇತ್ತ ಆರ್‌ಟಿಎಕ್ಸ್ 4060ಕ್ಕೂ 4:2:2 ಡಿಕೋಡ್ ಬರಲ್ಲ; 4:2:0 ಮಾತ್ರ ಸಲೀಸು. ಅಂದರೆ ಎರಡೂ ಬಾಗಿಲು ಮುಚ್ಚಿವೆ. ಇಡೀ ಭಾರ ಪ್ರೊಸೆಸರ್ ಕೋರ್‌ಗಳ ಮೇಲೆ ಬಿದ್ದು, ಎರಡು ಕ್ಯಾಮೆರಾ ಒಟ್ಟಿಗೆ ಇಟ್ಟ ತಕ್ಷಣ ಪ್ಲೇಬ್ಯಾಕ್ ತಡವರಿಸುತ್ತೆ. ಅಂಗಡಿಯವರದು ಗೇಮಿಂಗ್ ಲೆಕ್ಕದ ಪಟ್ಟಿ, ಆ ಲೆಕ್ಕಕ್ಕೆ ಅಷ್ಟೇನೂ ಕೆಟ್ಟದ್ದಲ್ಲ. ಆದರೆ ಗೇಮ್ ತಡವರಿಸಿದರೆ ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಿಕೊಳ್ಳಬಹುದು. ಆಲ್ಬಂ ಕೊಡುವ ದಿನ ಎಡಿಟಿಂಗ್ ತಡವರಿಸಿದರೆ ಇಳಿಸೋದಕ್ಕೆ ಏನೂ ಇರಲ್ಲ. ಹಾಗಾಗಿ ದುಡ್ಡು ಮೊದಲು ಕೆಲಸದ ಕಡೆ ಹೋಗಲಿ.

ನಾನಾದರೆ ಹೀಗೆ ಬದಲಿಸುತ್ತೇನೆ: ಎಎಂಡಿಯ ರೈಜನ್ 7 7700 ಪ್ರೊಸೆಸರ್, ಬಿ650 ಬೋರ್ಡ್, ಆರ್‌ಟಿಎಕ್ಸ್ 5060 ಟಿಐ 16 ಜಿಬಿ. ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್‌ಗಳಿಗೆ 4:2:2 ಡಿಕೋಡ್ ಬರುತ್ತೆ. ಪ್ರೀಮಿಯರ್‌ನ ಹೊಸ ಆವೃತ್ತಿ ಮತ್ತು ಎನ್ವಿಡಿಯಾದ ಸ್ಟುಡಿಯೊ ಡ್ರೈವರ್ ಹಾಕಿಕೊಂಡಿರಬೇಕು, ಅಷ್ಟೇ. 7700ರಲ್ಲಿ 8 ಕೋರ್, 16 ಥ್ರೆಡ್. ಪುಟ್ಟದೊಂದು ಗ್ರಾಫಿಕ್ಸೂ ಒಳಗೇ ಇದೆ, ನಾಳೆ ಕಾರ್ಡ್ ವಾರಂಟಿಗೆ ಹೋದರೂ ಪರದೆ ಕತ್ತಲಾಗಲ್ಲ. ಬಜೆಟ್ ಬಿಗಿಯಿದ್ದರೆ 6 ಕೋರಿನ 7600 ಸಾಕು, ಅದರಲ್ಲೂ ಗ್ರಾಫಿಕ್ಸ್ ಇದೆ. 7500ಎಫ್‌ನಲ್ಲಿ ಇಲ್ಲ, ಅದನ್ನು ಬಿಡಿ. ಇಂಟೆಲ್ಲೇ ಬೇಕು, ಪಟ್ಟಿಯಲ್ಲಿರುವ 4060 ಕಾರ್ಡೇ ಇರಲಿ ಅಂದರೆ ಎಫ್ ಇಲ್ಲದ ಚಿಪ್ ಹಾಕಿಸಿ, ದರದ ವ್ಯತ್ಯಾಸ ದೊಡ್ಡದೇನಲ್ಲ.

5060 ಟಿಐ ಎಂಬ ಹೆಸರಿನಲ್ಲೇ 8 ಜಿಬಿಯದೂ ಇದೆ, 16 ಜಿಬಿಯದೂ ಇದೆ. ಡಬ್ಬಿ ನೋಡಲು ಹೆಚ್ಚುಕಡಿಮೆ ಒಂದೇ ಥರ. ಬಿಲ್‌ನಲ್ಲಿ ‘16 ಜಿಬಿ’ ಅಂತ ಬರೆಸಿಕೊಳ್ಳಿ. 1440ಪಿಯಲ್ಲಿ ಟೆಕ್ಸ್‌ಚರ್ ಮೇಲಿಟ್ಟರೆ ಈಗಿನ ಹಲವು ಗೇಮ್‌ಗಳು 8 ಜಿಬಿ ದಾಟುತ್ತವೆ; ದಾಟಿದಾಗ ಸರಾಸರಿ ಎಫ್‌ಪಿಎಸ್ ಚೆನ್ನಾಗಿಯೇ ಕಂಡರೂ ಮಧ್ಯೆ ಮಧ್ಯೆ ಗಕ್ಕನೆ ನಿಲ್ಲುತ್ತೆ.

ರ‍್ಯಾಮ್ 32 ಜಿಬಿ, 16ರ ಎರಡು ಸ್ಟಿಕ್, ಡಿಡಿಆರ್5-6000. ಒಂದೇ ಸ್ಟಿಕ್ ಹಾಕಿದರೆ ಅರ್ಧ ದಾರಿ ಮುಚ್ಚಿದ ಹಾಗೆ. ‘ಮುಂದೆ ಇನ್ನೆರಡು ಸೇರಿಸೋಣ’ ಅನ್ನೋ ಲೆಕ್ಕವೂ ಇಲ್ಲಿ ನಡೆಯಲ್ಲ: ಈ ಪ್ಲಾಟ್‌ಫಾರ್ಮ್‌ನಲ್ಲಿ ನಾಲ್ಕು ಸ್ಟಿಕ್ ಕೂರಿಸಿದರೆ ಕಂಪನಿ ಹೇಳುವ ವೇಗ 3600ಕ್ಕೆ ಇಳಿಯುತ್ತೆ, ಕೆಲವೊಮ್ಮೆ ಬೂಟ್ ಆಗೋದಕ್ಕೇ ತಕರಾರು. 64 ಬೇಕಾದೀತು ಅನ್ನಿಸಿದರೆ ಮೊದಲೇ 32ರ ಎರಡು ತಗೊಳ್ಳಿ. 2025ರ ಕೊನೆಯಿಂದ ರ‍್ಯಾಮ್ ದರ ವಿಪರೀತ ಏರಿದೆ, ನಿಜ. ಉಳಿಸಲೇಬೇಕಾದರೆ ಕ್ಯಾಬಿನೆಟ್‌ನ ಬಣ್ಣದ ಲೈಟಿನಲ್ಲಿ ಉಳಿಸಿ.

ಡಿಸ್ಕ್‌ನದು ಬರೀ ಗುಣಾಕಾರ. ಕ್ಯಾಮೆರಾ 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ರೆಕಾರ್ಡ್ ಮಾಡುತ್ತೆ ಅಂತಿಟ್ಟುಕೊಂಡರೆ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ತಲಾ ಆರು ಗಂಟೆ: 540 ಜಿಬಿ. ಒಂದೇ ಮದುವೆಗೆ ಅವರು ಬರೆದ 512 ಜಿಬಿ ತುಂಬಿ ಚೆಲ್ಲುತ್ತೆ, ವಿಂಡೋಸ್ ಇನ್ನೂ ಹಾಕೇ ಇಲ್ಲ. ವಿಂಡೋಸ್ ಮತ್ತು ಗೇಮ್‌ಗೆ 1 ಟಿಬಿ ಎನ್‌ವಿಎಂಇ (ಬೋರ್ಡ್‌ನ ಎಂ.2 ಸ್ಲಾಟ್‌ಗೆ ಕೂರುವ ವೇಗದ ಎಸ್‌ಎಸ್‌ಡಿ), ನಡೆಯುತ್ತಿರುವ ಪ್ರಾಜೆಕ್ಟ್‌ಗೆ ಬೇರೆ 2 ಟಿಬಿ ಎನ್‌ವಿಎಂಇ, ಮುಗಿದದ್ದನ್ನು ಇಡಲು 4 ಟಿಬಿ ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿ ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಬಗೆ) ಇರಲಿ. ಅಗ್ಗದ ಕ್ಯೂಎಲ್‌ಸಿ (ಕೋಶಕ್ಕೆ ನಾಲ್ಕು ಬಿಟ್) ಡ್ರೈವ್‌ಗಳಲ್ಲಿ ಕ್ಯಾಶ್, ಅಂದರೆ ಮೊದಲು ಬರೆದುಕೊಳ್ಳುವ ವೇಗದ ಜಾಗ, ತುಂಬುವವರೆಗೆ ಮಾತ್ರ ವೇಗ. 500 ಜಿಬಿ ಒಟ್ಟಿಗೆ ಸುರಿದರೆ ಕೊನೆಯ ಭಾಗ ಹಾರ್ಡ್ ಡಿಸ್ಕ್‌ನಂತೆ ತೆವಳುತ್ತೆ. ಬೋರ್ಡ್‌ನಲ್ಲಿ ಎರಡು ಎಂ.2 ಸ್ಲಾಟ್ ಇವೆಯೇ, ಎರಡನೆಯದು ತುಂಬಿದರೆ ಯಾವುದಾದರೂ ಸಾಟಾ ಪೋರ್ಟ್ ಬಂದ್ ಆಗುತ್ತದೆಯೇ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿ.

ಇನ್ನು ಕರೆಂಟು. ಈ ಪಟ್ಟಿಯಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಇದೇ. 7700 ಹೆಚ್ಚೆಂದರೆ 88 ವ್ಯಾಟ್ ಎಳೆಯುತ್ತೆ, ಕಾರ್ಡ್ 180, ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನ್ ಸೇರಿ ಸುಮಾರು 60. ಒಟ್ಟು 330ರ ಹತ್ತಿರ. ಎಸ್‌ಎಂಪಿಎಸ್‌ನ ದಕ್ಷತೆ ಶೇ 90 ಅಂತಿಟ್ಟುಕೊಂಡರೆ ಗೋಡೆಯಿಂದ 365, ಮಾನಿಟರ್ ಸೇರಿದರೆ 395. ನಿಮಗೆ ಬರೆದ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡೋದು 360 ವ್ಯಾಟ್. ಕರೆಂಟ್ ಹೋದಾಗ ನೀವು ರೆಂಡರ್ ಮಾಡುತ್ತಾ ಇದ್ದರೆ ಅದು ಕಿರ್ರೆಂದು ಕಿರುಚಿ ಆಫ್ ಆಗುತ್ತೆ. ಅಂದರೆ ಬೇಕಾದ ಕ್ಷಣದಲ್ಲೇ ಕೈಕೊಡುತ್ತೆ. 1100 ವಿಎ ತಗೊಳ್ಳಿ, ಮತ್ತು ವಿಎ ನೋಡಬೇಡಿ, ಡಬ್ಬಿಯ ಹಿಂದಿನ ವ್ಯಾಟ್ ನೋಡಿ. ಮನೆಯ ಇನ್ವರ್ಟರ್‌ಗೆ ಸೇರಿಸುವುದಾದರೆ ಅದು ಸೈನ್ ವೇವ್ ಇರಬೇಕು, ಹಿಂದೆ ಯುಪಿಎಸ್ ಮೋಡ್‌ನ ಸ್ವಿಚ್ ಇದ್ದರೆ ಆ ಕಡೆಗಿಡಿ. ಇಲ್ಲದಿದ್ದರೆ ಬದಲಾಗುವ ಆ ಒಂದು ಚಣದಲ್ಲೇ ಪಿಸಿ ರೀಸ್ಟಾರ್ಟ್ ಆಗಿಬಿಡುತ್ತೆ.

ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ ಖಂಡಿತ ಬೇಡ. ಒಳ್ಳೆಯ ಹೆಸರಿನ 650 ವ್ಯಾಟ್‌ನದು ಬೇರೆಯಾಗಿ ಕೊಳ್ಳಿ. ‘80 ಪ್ಲಸ್ ಗೋಲ್ಡ್’ ಅನ್ನೋದು ದಕ್ಷತೆಯ ಮುದ್ರೆ, ಗಟ್ಟಿತನದ್ದಲ್ಲ. ವಾರಂಟಿ ಎಷ್ಟು ವರ್ಷ ಅನ್ನೋದು ಅದಕ್ಕಿಂತ ಹೆಚ್ಚು ಹೇಳುತ್ತೆ. ಕ್ಯಾಬಿನೆಟ್ ಮುಂಭಾಗ ಗಾಜು ಬೇಡ, ಜಾಲರಿ ಇರಲಿ. ಮುಂದೆ ಎರಡು ಫ್ಯಾನ್ ಒಳಗೆಳೆಯಲು, ಹಿಂದೆ ಒಂದು ಹೊರದಬ್ಬಲು. 7700ರ ಡಬ್ಬಿಯಲ್ಲೇ ಕೂಲರ್ ಬರುತ್ತೆ, ಕೆಲಸ ನಡೆಯುತ್ತೆ, ಸದ್ದು ಮಾತ್ರ ಇದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನಿಸಿದರೆ ಪಿಸಿಯನ್ನು ಬೈಯಬೇಡಿ, ಎಲೆಕ್ಟ್ರಿಷಿಯನ್‌ನ ಕರೆಸಿ ಅರ್ಥಿಂಗ್ ನೋಡಿಸಿ.

ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ಕೊಳ್ಳಲೇ ಅಂತಲೂ ಕೇಳಿದ್ದೀರಿ. ದರ ವಿಚಾರಿಸಿ, ಆದರೆ ಬಿಲ್ ಇಲ್ಲದ ಅಗ್ಗಕ್ಕೆ ಹೋಗಬೇಡಿ. ‘ಗೇಮಿಂಗ್ ಪಿಸಿ ಒಂದು’ ಅನ್ನೋ ಒಂದೇ ಸಾಲಿನ ಬಿಲ್ ವಾರಂಟಿಗೆ ಉಪಯೋಗಕ್ಕೆ ಬರಲ್ಲ. ಪ್ರತಿ ಭಾಗದ ಮಾಡೆಲ್ ಮತ್ತು ಸೀರಿಯಲ್ ನಂಬರ್ ಇರಬೇಕು. ಈ ಬೋರ್ಡ್‌ಗಳಲ್ಲಿ ಪಿನ್ ಇರೋದು ಸಾಕೆಟ್‌ನಲ್ಲಿ. ಪ್ರೊಸೆಸರ್ ಕೂರಿಸುವ ಮುಂಚೆ ಸಾಕೆಟ್‌ನ ಫೋಟೊ ತೆಗೆದಿಡಿ, ಬಾಗಿದ ಪಿನ್ ‘ನಿಮ್ಮದೇ ತಪ್ಪು’ ಆಗುವ ಮೊದಲು.

ನೀವೇ ಜೋಡಿಸಿದರೆ ಎಡವುವ ಜಾಗಗಳು ಇವು. ಸ್ಟಿಕ್‌ಗಳು ಪ್ರೊಸೆಸರ್‌ನಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ. ಬೇರೆ ಕೂಲರ್ ತಂದಿದ್ದರೆ ತಳದ ಪ್ಲಾಸ್ಟಿಕ್ ಪೊರೆ ತೆಗೆಯಿರಿ. ಹಳೆಯ ಎಸ್‌ಎಂಪಿಎಸ್‌ನ ಬಿಚ್ಚುವ ಕೇಬಲ್ ಹೊಸದಕ್ಕೆ ಹಾಕಲೇಬೇಡಿ. ತುದಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು, ಡಿಸ್ಕ್ ಸುಟ್ಟುಹೋಗುತ್ತೆ. ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತೆ. ಕೆಟ್ಟಿದೆ ಅಂತ ಗಾಬರಿಯಾಗಿ ಪವರ್ ತೆಗೆಯಬೇಡಿ, ಬೋರ್ಡ್ ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತೆ. ಆಮೇಲೆ ಬಯೋಸ್‌ಗೆ (ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ಎಕ್ಸ್‌ಪೋ, ಅಂದರೆ ಸ್ಟಿಕ್‌ನ ಮೇಲೆ ಬರೆದ ವೇಗಕ್ಕೆ ಓಡಿಸುವ ಆಯ್ಕೆ, ಆನ್ ಮಾಡಿ, ಇಲ್ಲದಿದ್ದರೆ 6000ಕ್ಕೆ ದುಡ್ಡು ಕೊಟ್ಟು ಅದಕ್ಕಿಂತ ಕಡಿಮೆಯಲ್ಲಿ ಓಡಿಸುತ್ತೀರಿ. ಮಾನಿಟರ್ ಕೇಬಲ್ ಬೋರ್ಡ್‌ಗಲ್ಲ, ಕಾರ್ಡ್‌ಗೆ. ವಿಂಡೋಸ್ ಮಾನಿಟರನ್ನು ಎಷ್ಟೋ ಸಲ 60 ಹರ್ಟ್ಸ್‌ನಲ್ಲೇ ಬಿಟ್ಟಿರುತ್ತೆ. ಡಿಸ್ಪ್ಲೇ ಸೆಟ್ಟಿಂಗ್‌ನಲ್ಲಿ ಬದಲಿಸಿ.